ಮರಳಿನ ಚೀಲ ಕಟ್ಟದ ಸಂಜೆ

ಗಾಳಿಗೆ ಫ್ಲಾಶ್ ಲೈಟಿನ ಬಿಳಿ ಕೊಡೆ ಉಬ್ಬಿತು. ಸ್ಟ್ಯಾಂಡು ಸೀದಾ ಕನಕಳ ಮೇಲೆ ವಾಲಿತು!

ಅವಳು ಎರಡೂ ಕೈಯಿಂದ ಕಂಬಿ ಹಿಡಿದಳು. ಅದರ ಮೇಲೆ ಇನ್ನೆರಡು ಕೈ ಬಂದು ಬಿದ್ದವು. ಫೋಟೋ ತೆಗೆಯಲು ಬಂದಿದ್ದ ಹುಲುಗಪ್ಪನವು...

"ಪೆಟ್ಟಾತೇನ್ರಿ?"

ಇಲ್ಲವೆಂದು ತಲೆಯಾಡಿಸಿದಳು. ಕಂಬಿ ಮಾತ್ರ ಬಿಡಲಿಲ್ಲ.

ಹುಲುಗಪ್ಪನದು ಕೊಟ್ಟೂರಿನಲ್ಲಿ ಸ್ಟುಡಿಯೋ. ಭಾವನ ಕಡೆ ದೂರದ ಸಂಬಂಧ. ಹರಪನಹಳ್ಳಿಯ ವರನ ಮನೆಯವರು ಫೋಟೋ ಕೇಳಿದ್ದರೆಂದು ಅಕ್ಕ ದ್ಯಾಮಕ್ಕ ಅವನನ್ನು ಕೂಡ್ಲಿಗಿಯ ತನ್ನ ಮನೆಗೆ ಕರೆಸಿದ್ದಳು. ಹಿಡಿಯುವಷ್ಟರಲ್ಲಿ ಕೊಡೆ ಗೋಡೆಗೆ ಬಡಿದು ಬಲ್ಬು ಒಡೆದಿದ್ದರಿಂದ ಅಂದು ಫೋಟೋ ಆಗಲಿಲ್ಲ.

ಮುಂದಿನ ವಾರ ಅವನು ಮರಳು ತುಂಬಿದ ಚೀಲ ತಂದ. ಮೊದಲು ಅಕ್ಕನ ಕೂಸಿನ ಫೋಟೋ. ಚೀಲವನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ, ಅಲ್ಲಾಡಿಸಿ ನೋಡಿದ. ಆಷಾಢದ ಗಾಳಿಗೂ ಅದು ಮಿಸುಕಲಿಲ್ಲ.

"ನಮ್ಮ ಕೂಸಿಗಿಂತ ನಿನ್ನ ಲೈಟೇ ಗಟ್ಟಿ ನಿಂತೈತಿ ನೋಡಪ್ಪ," ಎಂದು ನಗುತ್ತ ಅಕ್ಕ ಕೂಸಿಗೆ ಹಾಲು ಕುಡಿಸಲು ಒಳಗೆ ಹೋದಳು.

ಕನಕ ಬೇವಿನ ಮರದಡಿ ಕುರ್ಚಿಯಲ್ಲಿ ಕುಳಿತಳು. ತಲೆ ತಗ್ಗಿಸಿಕೊಂಡೇ ಎಲ್ಲ ನೋಡುತ್ತಿದ್ದಳು. ಹುಲುಗಪ್ಪ ಚೀಲ ಬಿಚ್ಚಿ, ಸ್ಟ್ಯಾಂಡನ್ನು ಅವಳತ್ತ ಸರಿಸಿದ. ಮತ್ತೆ ಕಟ್ಟಲಿಲ್ಲ.

ಗಾಳಿ ಬೀಸಿತು. ಕೊಡೆ ವಾಲಿತು. ಕಾದಿದ್ದವನಂತೆ ಅವನು ಹಿಡಿದುಕೊಂಡ.

"ಭಾಳ ಗಾಳಿ ಐತ್ರಿ. ಇನ್ನೊಂದಿನ ಬರ್ತೀನಿ."

ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು... ಇವಳಿಗೆ ಇಷ್ಟು ಸಾಕು ಅಂದುಕೊಂಡನೇ? ಅವಳ ಕಣ್ಣು ತುಂಬಿತು.

"ಕೂಸಿಗೆ ಚೀಲ ಕಟ್ಟಿದ್ರಿ. ನನಗ್ಯಾಕ ಕಟ್ಲಿಲ್ಲ? ನಾನು ಅಷ್ಟು ಹಗುರ ಕಂಡ್ನೇನು?"

"ಹಂಗಲ್ರಿ..."

"ಮತ್ತ ಹೆಂಗ?"

"ಕಟ್ಟಿದ್ರ ಫೋಟೋ ಚಲೋ ಬರ್ತಿತ್ತು. ಹರಪನಹಳ್ಳಿಗೆ ಹೋಗ್ತಿತ್ತು. ನೋಡಿದವ್ರು ಯಾರು ಒಲ್ಲೆ ಅಂತಾರ?" ಅವನ ದನಿ ಸಣ್ಣದಾಯಿತು. "ಅವತ್ತು ನೀವು ಕಂಬಿ ಹಿಡಿದಾಗಿಂದ ನನಗ ಸಮಾಧಾನ ಇಲ್ಲ. ಆದ್ರೂ ತಪ್ಪಾತ್ರಿ. ಈಗ ಕಟ್ತೀನಿ."

ಕಟ್ಟಿದ. ಗಂಟು ಎರಡು ಸಲ ತಪ್ಪಿತು. ಅದನ್ನೂ ಅವಳು ನೋಡಿದಳು.

ಅವನು ಕ್ಯಾಮೆರಾದ ಹಿಂದೆ ನಿಂತಾಗ ಮೆಲ್ಲಗೆ ಹೇಳಿದಳು, "ಈ ಫೋಟೋ ಹರಪನಹಳ್ಳಿಗೆ ಬ್ಯಾಡ್ರಿ."

"ಮತ್ತ ಎಲ್ಲಿಗೆ?"

"ಕೊಟ್ಟೂರಿಗೆ ಒಯ್ರಿ. ನಿಮ್ಮವ್ವಗ ತೋರಸ್ರಿ."

ಅವನಿಗೆ ಗುಂಡಿ ಒತ್ತುವುದೇ ಮರೆತುಹೋಯಿತು.

ಒಳಗಿನಿಂದ ಅಕ್ಕ ಕೂಗಿದಳು, "ಲೇ ಕನಕಿ, ಇನ್ನೂ ಆಗಿಲ್ಲೇನು?"

"ಲಗೂನ ಹೊಡೀರಿ," ಎಂದಳು ಕನಕ. "ಅಕ್ಕ ಬಂದಾಳು."

"ತಲಿ ಎತ್ತಬೇಕಲ್ರಿ, ಅವ್ವ ನೋಡಬೇಕಂದ್ರ..."

ಅವಳು ಎತ್ತಿದಳು.