ಅಮ್ಮಾಜಮ್ಮನ ಪಕ್ಕದ ಕುರ್ಚಿ

ನಾನು ಡ್ರಾಯಿಂಗ್ ಮೇಷ್ಟ್ರು, ಕಂಡದ್ದನ್ನಷ್ಟೇ ಹೇಳುತ್ತೇನೆ. ೧೯೬೩ರ ಆಗಸ್ಟ್ ಹದಿನೈದರಂದು ಚಿನ್ನದ ಗಣಿಯ ಊರು ಕೋರಮಂಡಲ್‌ನ ನಮ್ಮ ಶಾಲೆಯಲ್ಲಿ ಮಾಜಿ ಸೈನಿಕರಿಗೆ ಹಾರ ಹಾಕಿ ಗೌರವಿಸಿದೆವು. ಹಿಂದಿನ ವರ್ಷ ಗಡಿಯಲ್ಲಿ ತೀರಿಕೊಂಡ ಪಿಳ್ಳಪ್ಪನ ಪರವಾಗಿ ಅವನ ತಾಯಿ ಅಮ್ಮಾಜಮ್ಮ ಬೂದಿಕೋಟೆಯಿಂದ ಬಂದಿದ್ದರು. ಹಾರ ಹಿಡಿದು ಹೋದರೆ ಪಕ್ಕದ ಖಾಲಿ ಕುರ್ಚಿ ತೋರಿಸಿ, "ನಂಗ್ಯಾಕ್ ಮೇಷ್ಟ್ರೇ, ಅವನ್ಗೇ ಆಕಿ" ಎಂದರು. ಮುದುಕಿಯ ಮನಸ್ಸು ನೋಯಿಸಬಾರದೆಂದು ಕುರ್ಚಿಯ ಬೆನ್ನಿಗೇ ಹಾಕಿದೆ.

ಸಭೆ ಮುಗಿದ ಮೇಲೆ ನಾನೂ ಜವಾನ ಮುನಿಶಾಮಿಯೂ ಕಬ್ಬಿಣದ ಕುರ್ಚಿಗಳನ್ನು ಮಡಚುತ್ತ ಬಂದೆವು. ಹಾರ ಹಾಕಿದ್ದ ಅದೊಂದು ಮಾತ್ರ ಜಪ್ಪಯ್ಯ ಎಂದರೂ ಮಡಚಿಕೊಳ್ಳಲಿಲ್ಲ. ನೆರಳಲ್ಲೇ ಇದ್ದರೂ ಅದರ ಕಬ್ಬಿಣ ಬೆಚ್ಚಗಿತ್ತು.

ಅಮ್ಮಾಜಮ್ಮ ಹಾರ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಕುರ್ಚಿಯತ್ತ ಬಾಗಿದರು.

"ಎದ್ದೇಳಪ್ಪಾ, ಬಸ್ಸಿಗೆ ಒತ್ತಾಯ್ತು."

ನನ್ನ ಕೈಯಲ್ಲಿದ್ದ ಆ ಕುರ್ಚಿ ಮೆಲ್ಲಗೆ ಮಡಚಿಕೊಂಡಿತು.