ಹತ್ತೊಂಬತ್ತು ಇಂಚಿನ ಸುಳ್ಳು

"ಇದು ಯಾರ ಕಾರು?"

ಶೋರೂಮಿನ ಹಿಂದೆ, ಕೆಲಸದವರು ಗಾಡಿ ನಿಲ್ಲಿಸುವ ಜಾಗದಲ್ಲಿ ಅವಳು ನಿಂತಿದ್ದಳು. ಎರಡು ತಿಂಗಳ ಹಿಂದೆ ಇಲ್ಲಿನ ಸೇಲ್ಸ್‌ಮನ್ ಅವಳಿಗೆ ಮಾರಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನು ಮೊದಲ ಸರ್ವಿಸ್‌ಗೆ ತಂದಿದ್ದಳು. ಬೆರಳು ತೋರಿಸುತ್ತಿದ್ದದ್ದು ಅದೇ ಮಾಡೆಲ್‌ನ ಬೂದು ಕಾರನ್ನು.

"ನಂದೇ," ಎಂದ ಆ ಸೇಲ್ಸ್‌ಮನ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಬಗ್ಗಿ ಟೈರಿನ ಮೇಲಿದ್ದ ಅಳತೆಯನ್ನು ಓದಿದಳು. "ಹದಿನೇಳು ಇಂಚಿನ ಚಕ್ರ! ಸಸ್ಪೆನ್ಷನ್ನೂ ಮೆತ್ತಗಿರೋದೇ ಇರ್ಬೇಕು. ನನಗೆ ಮಾತ್ರ ಹತ್ತೊಂಬತ್ತು, ಅದ್ರ ಜೊತೆ ಗಡುಸಾದ ಸ್ಪೋರ್ಟ್ ಸಸ್ಪೆನ್ಷನ್. ಬೆಣ್ಣೆ ಹಾಗೆ ಹೋಗುತ್ತೆ ಅಂದಿದ್ರಲ್ಲ?"

ಅವನ ಕಿವಿ ಬಿಸಿಯಾಯಿತು. ಅವಳು ಈಜು ಕಲಿಸುವ ಟೀಚರ್. ಕಾರು ಕೊಳ್ಳಲು ಬಂದ ದಿನ ಅವಳ ಕೂದಲ ತುದಿ ಇನ್ನೂ ಒದ್ದೆಯಿತ್ತು; ಅದನ್ನು ನೋಡುತ್ತ ನೋಡುತ್ತ ಇವನ ಬುದ್ಧಿ ಎಲ್ಲೋ ಜಾರಿಹೋಗಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪನ ಬೆನ್ನಿಗೆ ತೊಂದ್ರೆ ಆಗಲ್ಲ ತಾನೇ?" ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ದರ್ಜಿಯ ಬೆನ್ನು ಅದು. ಇವನೋ ಟೆಸ್ಟ್ ಡ್ರೈವಿಗೆ ಹೊಸ ಡಾಂಬರಿನ ರಸ್ತೆಗೇ ಕರೆದೊಯ್ದಿದ್ದ. ಶೋರೂಮಿನವರೆಲ್ಲ ಹೋಗುವುದು ಅಲ್ಲಿಗೇ. ಆ ರಸ್ತೆಯಲ್ಲಿ ಎತ್ತಿನ ಗಾಡಿಗೂ ಕುಲುಕಾಟವಿಲ್ಲ.

"ಹತ್ತಿ," ಎಂದಳು. ಪಕ್ಕದ ಸೀಟಿನ ಮೇಲಿದ್ದ ದಿಂಬನ್ನು ಎತ್ತಿ ಹಿಂದಕ್ಕೆ ಹಾಕಿದಳು. "ಅಪ್ಪ ಇದನ್ನ ಹೊಲ್ಕೊಂಡಿದ್ದು ಆಮೇಲೆ. ಮೊದಲ ದಿನ ಅವ್ರಿಗೂ ಇರ್ಲಿಲ್ಲ."

ಕಾರು ಅವಳ ಮನೆಯ ಬೀದಿಗೆ ತಿರುಗಿತು. ಪೈಪಿಗೆಂದು ಅಗೆದು ಹಾಗೇ ಬಿಟ್ಟ ರಸ್ತೆ. ಒಂದೊಂದು ಗುಂಡಿಯೂ ಅವನ ಸೊಂಟದಿಂದ ಹಲ್ಲಿನವರೆಗೆ ಬಡಿಯಿತು. ಪ್ರತಿ ಗುಂಡಿಗೂ ಅವಳು ಒಮ್ಮೆ ಓರೆಗಣ್ಣಿನಲ್ಲಿ ಅವನನ್ನು ನೋಡಿ, ಮತ್ತೆ ರಸ್ತೆಗೆ ಕಣ್ಣು ಹಾಯಿಸುವಳು.

"ಗೊತ್ತಿದ್ದೇ ಹೇಳ್ದೆ," ಎಂದ ಅವನು ಕೊನೆಗೆ. "ಚಕ್ರ ದೊಡ್ಡದಾದ್ರೆ ಟೈರು ತೆಳ್ಳಗಾಗುತ್ತೆ, ಗುಂಡಿ ನೇರ ಬೆನ್ನಿಗೇ ಬಡಿಯುತ್ತೆ. ಗೊತ್ತಿತ್ತು."

"ಮತ್ಯಾಕೆ?"

"ಹದಿನೇಳರ ಕಾರು ನಮ್ಮ ಇನ್ನೊಂದು ಬ್ರಾಂಚಲ್ಲಿತ್ತು. ಅಲ್ಲಿಗೆ ಕಳಿಸಿದ್ರೆ ಸರ್ವಿಸ್‌ಗೂ ಅಲ್ಲಿಗೇ ಹೋಗ್ತಿದ್ರಿ. ನನಗೆ... ನಿಮ್ಮನ್ನ ಇನ್ನೊಂದ್ಸಲ ನೋಡ್ಬೇಕಿತ್ತು."

ಕಾರು ನಿಂತಿತು.

"ಇದನ್ನ ಕೇಳಿ ನಾನು ಖುಷಿ ಪಡ್ಬೇಕಾ?" ಅವಳು ಅವನತ್ತ ತಿರುಗಿದಳು. "ಅಪ್ಪ ಒಂದು ತಿಂಗಳಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ. ನನಗೆ ಬೇಜಾರಾಗುತ್ತೆ ಅಂತ, ಕಾರು ಚೆನ್ನಾಗಿದೆ ಕಣಮ್ಮ ಅಂತಾರೆ."

ಅವನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. "ನನ್ನ ಕಾರಿನ ಚಕ್ರ, ಸಸ್ಪೆನ್ಷನ್ ಎರಡೂ ಇದಕ್ಕೆ ಹಾಕಿಸ್ತೀನಿ. ಇದರದು ನನಗಿರ್ಲಿ."

"ಆಗ ನಿಮ್ಮ ಬೆನ್ನು?"

"ಹೋಗ್ಲಿ ಬಿಡಿ. ನನಗೆ ಆಗ್ಬೇಕಾದ್ದೇ."

ಅವಳು ನಗಲಿಲ್ಲ.

ನಾಲ್ಕನೇ ದಿನ ಕೆಂಪು ಕಾರನ್ನು ಅವನೇ ಅವಳ ಮನೆಗೆ ತಂದ. ಅಪ್ಪನ ಎದುರು ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಹೇಳಿದ, ಆ ಕಾರಣವನ್ನೂ ಬಿಡದೆ. ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು.

"ಅಳತೆ ಗೊತ್ತಿದ್ದೂ ತಪ್ಪಾಗಿ ಕತ್ತರಿಸಿದ್ಯಲ್ಲಪ್ಪ," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅವಳು ಸ್ಟೀರಿಂಗ್ ಹಿಡಿದಳು; ಅಪ್ಪ ಮುಂದೆ ಕೂತರು, ಅವನು ಹಿಂದೆ. ಅದೇ ಬೀದಿ, ಅವೇ ಗುಂಡಿಗಳು. ಕಾರು ಮೆಲ್ಲಗೆ ತೂಗಿ ದಾಟಿತು. ಬೀದಿಯ ಕೊನೆಯಲ್ಲಿ ಅಪ್ಪ ಬೆನ್ನ ಹಿಂದಿನ ದಿಂಬನ್ನು ಎಳೆದು ಅವನ ಮಡಿಲಿಗೆ ಹಾಕಿದರು.

"ಇಟ್ಕೋ. ಇನ್ಮೇಲೆ ಇದು ಬೇಕಾಗೋದು ನಿನಗೇ."

ಅವನು ತಲೆ ಎತ್ತಿದ. ಕನ್ನಡಿಯಲ್ಲಿ ಅವಳ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

"ಭಾನುವಾರ ದಿಂಬು ವಾಪಸ್ ತಂದ್ಕೊಡಿ," ಎಂದಳು.

"ಅಪ್ಪನಿಗೆ ಇನ್ನು ಬೇಡ್ವಲ್ಲ?"

"ತಂದ್ಕೊಡಿ ಅಂದೆ."