ಸೋತ ತೋಳು

“ಬಿಡಿ ಆ ಕೈನ!”

ವಾರ್ಡಿನ ಅಷ್ಟೂ ತಲೆಗಳು ಅತ್ತ ತಿರುಗಿದವು. ಹಾಗೆ ಕೂಗಿದವರು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ತಲೆಯೆತ್ತಿದಳು... ಇನ್ನೂ ಎತ್ತಬೇಕಾಯಿತು. ಅಷ್ಟು ಉದ್ದ! ನರ್ಸಿಂಗ್ ತರಬೇತಿಯ ಇನ್ನೊಂದು ಬ್ಯಾಚಿನವನು. ಎಲ್ಲರೂ ‘ಒಂಟೆ’ ಎನ್ನುವುದು ಇವನನ್ನೇ ಇರಬೇಕು.

ಲಕ್ವ ಹೊಡೆದು ಎಡಭಾಗ ಸೋತಿದ್ದ ಅಜ್ಜನನ್ನು ಗಾಲಿಕುರ್ಚಿಗೆ ಕೂರಿಸುವ ಅವಸರದಲ್ಲಿ ಅವಳು ಆ ಸೋತ ಕೈಯನ್ನೇ ಹಿಡಿದೆಳೆದಿದ್ದಳು. ಅಜ್ಜನ ನರಳಿಕೆ ಕಿವಿಗೆ ಬಿದ್ದದ್ದು ಈಗ.

“ಕೇಳೋಕೆ ನೀವ್ಯಾರು?”

“ನಾನು ಕೇಳಲ್ಲ. ಮೇಡಂ ಕೇಳ್ತಾರೆ.”

ಹೋಗಿ ಹೇಳಿಯೇಬಿಟ್ಟ!

“ಅಜ್ಜನ ಭುಜಕ್ಕೆ ಏನೂ ಆಗಿಲ್ಲ, ನಿನ್ನ ಪುಣ್ಯ,” ಎಂದರು ತರಬೇತಿಯ ಮೇಡಂ. “ಸೋಮವಾರ ನನ್ನೆದುರು ಇದನ್ನೇ ಸರಿಯಾಗಿ ಮಾಡು. ತಪ್ಪಿದ್ರೆ ಗಂಟುಮೂಟೆ ಕಟ್ಟು. ರೋಗಿಯಾಗಿ ಮಲಗೋಕೆ ನೀನೇ ಯಾರನ್ನಾದ್ರೂ ಕರ್ಕೊಂಡು ಬಾ.”

ಮನೆಗೆ ಯಾವ ಮುಖ ಹೊತ್ತು ಹೋಗುವುದು? ಟೈಪಿಂಗ್ ಅರ್ಧಕ್ಕೆ, ಹೊಲಿಗೆ ಅರ್ಧಕ್ಕೆ. ಹೊರಡುವಾಗಲೇ ಅತ್ತಿಗೆ, “ನಿನ್ನ ಹಾಸಿಗೆ ಸುತ್ತಿಡಲ್ಲ ಬಿಡು, ಬಂದೇ ಬರ್ತೀಯಲ್ಲ” ಎಂದು ನಕ್ಕಿದ್ದಳು. ಆದರೆ ಇಲ್ಲಿ, ಏಳಲಾಗದ ಹೆಂಗಸೊಬ್ಬರ ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತ ಕೂತಾಗ, ಮೊದಲ ಸಲ ಅವಳಿಗೆ ಗಡಿಯಾರ ನೋಡುವುದು ಮರೆತುಹೋಗಿತ್ತು.

‘ಇದೂ ಕೈತಪ್ಪಿದರೆ... ನಾನು ಯಾತಕ್ಕೂ ಬಾರದವಳು.’

ಗೆಳತಿಯರು ಜಾರಿಕೊಂಡರು. “ತೋಳು ಕಿತ್ತು ಬಂದ್ರೆ ನನ್ನ ಯಾರೇ ಮದುವೆ ಆಗ್ತಾರೆ?”

ಸಂಜೆ, ಅಭ್ಯಾಸದ ಕೋಣೆಯಲ್ಲಿ ಸುತ್ತಿದ ಹಾಸಿಗೆಯೊಂದನ್ನು ತಬ್ಬಿ ಎತ್ತುತ್ತಿದ್ದಳು. ಬಾಗಿಲಲ್ಲಿ ಒಂಟೆ.

“ಹಾಸಿಗೆಗೆ ನೋವಾದ್ರೆ ಗೊತ್ತಾಗಲ್ಲ. ನಾನು ಮಲಗ್ತೀನಿ.”

“ಚಾಡಿ ಹೇಳಿದ್ದು ಸಾಲ್ಲಿಲ್ವಾ? ನೋಡಿ ನಗೋಕೆ ಬಂದ್ರಾ?”

ಅವನ ಮುಖ ಸಪ್ಪಗಾಯಿತು.

“ನಮ್ಮಮ್ಮಂಗೂ ಲಕ್ವ ಹೊಡೆದಿತ್ತು. ಮಾತೂ ಹೋಗಿತ್ತು. ಆಸ್ಪತ್ರೇಲಿ ಯಾರೋ ಹೀಗೇ ಎಳೆದು ಭುಜದ ಕೀಲು ತಪ್ಪಿತು. ನೋಡಿದೋರು ಬಾಯಿ ಬಿಡಲಿಲ್ಲ. ಅಮ್ಮ ಸುಮ್ನೆ ಅಳ್ತಿದ್ಲು... ಯಾಕೆ ಅಂತ ನಮಗೆ ಗೊತ್ತೇ ಆಗ್ಲಿಲ್ಲ.” ಒಳಗೆ ಬಂದು ಮಂಚದಂಚಿನಲ್ಲಿ ಕೂತ. “ಅಜ್ಜನ ಭುಜ ಡಾಕ್ಟರ್ ನೋಡ್ಲಿ ಅಂತ ಹೇಳ್ದೆ. ನಿಮ್ಮ ಬುಡಕ್ಕೇ ಬರುತ್ತೆ ಅಂದ್ಕೊಂಡಿರಲಿಲ್ಲ.”

ಅವಳ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು.

ಅಂದಿನಿಂದ ದಿನವೂ ಸಂಜೆ ಅವನು ಮಲಗಿದ, ಅವಳು ಎತ್ತಿದಳು. ಅವನು ಬಿದ್ದ, ಮೇಲೆದ್ದ, ಮತ್ತೆ ಮಲಗಿದ. ಭಾನುವಾರ ಅವಳು ನೆಲದಲ್ಲೇ ಕುಸಿದು ಅತ್ತಳು.

“ಆಗಲ್ಲ ನನ್ ಕೈಲಿ! ನೀವು ಜಾರಿದ ತಕ್ಷಣ ನನ್ನ ಕೈ ಆ ತೋಳಿಗೇ ಹೋಗುತ್ತೆ...”

“ನೀವು ದೂರ ನಿಂತಿರ್ತೀರಿ,” ಎಂದ ಮೆಲ್ಲಗೆ. “ದೂರ ನಿಂತೋರಿಗೆ ಎಳೆಯೋದು ಬಿಟ್ರೆ ಬೇರೆ ದಾರಿ ಇಲ್ಲ. ಹತ್ತಿರ ಬರೋಕೆ ಯಾಕೆ ಹೆದರ್ತೀರಿ?”

ಉತ್ತರ ಅವಳ ಎದೆಯಲ್ಲಿ ಡವಡವ ಎನ್ನುತ್ತಿತ್ತು. ಹೇಳುವುದು ಹೇಗೆ!

ಸೋಮವಾರ. ಮೇಡಂ ಕೈಕಟ್ಟಿ ನಿಂತಿದ್ದರು. ಮಂಚದಂಚಿನಲ್ಲಿ ಕೂತ ಅವನು ಎಡಕ್ಕೆ ವಾಲಿದ. ಅವಳ ಕೈ ತೋಳಿನತ್ತ ಚಾಚಿತು...

‘ಮುಗೀತು!’

ಗಾಳಿಯಲ್ಲೇ ತಡೆದಳು. ಒಂದು ಹೆಜ್ಜೆ ಮುಂದಿಟ್ಟಳು. ಮೊಣಕಾಲಿಗೆ ಮೊಣಕಾಲು ಕೊಟ್ಟು, ಎರಡೂ ತೋಳುಗಳಿಂದ ಅವನ ಬೆನ್ನು ಬಳಸಿದಳು.

“ನನ್ನ ಮೇಲೆ ಬಾಗಿ. ಹೆದರಬೇಡಿ... ಹಾಂ, ಈಗ!”

ಅಷ್ಟುದ್ದದ ದೇಹ ಅವಳೊಂದಿಗೆ ಎದ್ದಿತು, ತಿರುಗಿತು, ಕುರ್ಚಿಯಲ್ಲಿ ಕೂತಿತು.

“ಪಾಸ್,” ಎಂದರು ಮೇಡಂ. ಬಾಗಿಲಲ್ಲಿ ಒಮ್ಮೆ ತಿರುಗಿ, “ಇನ್ನು ರೋಗೀನ ಬಿಡಮ್ಮಾ!”

ನಾಚಿ ಕೈ ತೆಗೆದಳು. ಅವನು ಮಾತ್ರ ಏಳಲೇ ಇಲ್ಲ.

“ಯಾಕೆ, ಏನಾಯ್ತು?”

“ನಿಜವಾಗ್ಲೂ ಕಾಲು ನಡುಗ್ತಿದೆ. ನೀವು ಹೊರಟೇ ಹೋದ್ರೆ ನಾಳೆ ಸಂಜೆ ನಾನೆಲ್ಲಿಗೆ ಹೋಗ್ಲಿ ಅಂತ... ಅದೊಂದೇ ಯೋಚನೆ ಇತ್ತು ತಲೇಲಿ.”

ಅವಳ ಕಣ್ಣು ತುಂಬಿ ಬಂತು.

“ನನಗೂ ಅಷ್ಟೇ. ಸೀಟು ಹೋಗೋದಕ್ಕಿಂತ... ನೀನು ಇನ್ಯಾರಿಗೋ ರೋಗಿ ಆಗ್ಬಿಡ್ತೀಯೇನೋ ಅಂತ ಭಯ ಆಗಿತ್ತು!”

“ಅಯ್ಯೋ ಹುಚ್ಚಿ,” ಎಂದ ಅವನು, ಒದ್ದೆ ಕಣ್ಣಲ್ಲೇ ನಕ್ಕು. “ನನ್ನ ಭಾರ ಇನ್ಯಾರು ಹೊರ್ತಾರೆ?”